ಗುಂಡೇಟಿನ ಗಾಯವನ್ನು ‘ಆಮೇಲೆ ಕಂಪ್ಯೂಟರ್‌ನಲ್ಲಿ ಹಾಕೋಣ’ ಅಂತ ಬಿಡಬೇಡಿ

ಹೋದ ವರ್ಷ ನಮ್ಮ 18 ನಿಮಿಷದ ಕಿರುಚಿತ್ರವನ್ನು ಮೊದಲ ಸಲ ಜನರಿಗೆ ತೋರಿಸಿದೆವು. ಕೊನೆಯಲ್ಲಿ ಅಣ್ಣನಿಗೆ ಗುಂಡು ಬೀಳುತ್ತದೆ, ಜಗಲಿಯ ಮೇಲೆ ಕುಸಿಯುತ್ತಾನೆ. ಅಲ್ಲಿ ಜನ ನಕ್ಕುಬಿಟ್ಟರು. ಆ ಪಾತ್ರ ಮಾಡಿದ ಹುಡುಗ ರಂಗಭೂಮಿಯವನು. ಆ ಬೀಳುವಿಕೆಯನ್ನು ಮೂರು ವಾರ ಅಭ್ಯಾಸ ಮಾಡಿದ್ದ, ಮೊಣಕೈ ತರಚಿಕೊಂಡಿದ್ದ. ಅವನ ಅಪ್ಪ ಅಮ್ಮ ಎರಡನೇ ಸಾಲಿನಲ್ಲಿ ಕೂತಿದ್ದರು. ಅವನ ನಟನೆಯಲ್ಲಿ ಏನೂ ಕೊರತೆ ಇರಲಿಲ್ಲ. ಅವನು ಉಸಿರೆಳೆದಾಗ ಅಂಗಿ ಮೇಲೆ ಬಂತು, ಕಂಪ್ಯೂಟರ್‌ನಲ್ಲಿ ಹಾಕಿದ ಗಾಯ ಇದ್ದಲ್ಲೇ ನಿಂತಿತ್ತು. ಪಕ್ಕಕ್ಕೆ ವಾಲಿದಾಗ ಗಾಯ ಸ್ವಲ್ಪ ತಡವಾಗಿ ಅವನ ಹಿಂದೆ ಜಾರಿಕೊಂಡು ಬಂತು. ಜನ ನಕ್ಕಿದ್ದು ಅದಕ್ಕೆ.

ಡಿಜಿಟಲ್ ಗಾಯ ಬೇಡ ಅಂತ ನಾನು ಹೇಳುತ್ತಿಲ್ಲ. ಸೆಟ್‌ನಲ್ಲಿ ನಿಜವಾದ ಬಂದೂಕು ಬೇಡವೇ ಬೇಡ. 1993ರಲ್ಲಿ ಹಾಲಿವುಡ್ ನಟ ಬ್ರ್ಯಾಂಡನ್ ಲೀ ಶೂಟಿಂಗ್ ನಡೆಯುವಾಗಲೇ ಗುಂಡು ತಗಲಿ ತೀರಿಕೊಂಡರು. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಕೂಡ ಹಾಗೆಯೇ ಪ್ರಾಣ ಕಳೆದುಕೊಂಡರು. ಗುಂಡೇಟು ತೋರಿಸಲು ಅಂಗಿಯೊಳಗೆ ಸಿಡಿಸುವ ಸ್ಕ್ವಿಬ್ ಕೂಡ ಸ್ಫೋಟಕವೇ, ಅದಕ್ಕೆ ಪಳಗಿದ ಕೈ ಬೇಕು. ಹಾಗಾಗಿ ನಾವು ಪ್ಲಾಸ್ಟಿಕ್ ಪಿಸ್ತೂಲು ಹಿಡಿದು, ರಕ್ತವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಹಾಕಲು ಹೊರಟಿದ್ದು ಸರಿಯೇ. ಆದರೆ ಆ ‘ಆಮೇಲೆ’ಗೆ ಬೇಕಾದ್ದನ್ನು ಸೆಟ್‌ನಲ್ಲೇ ಮಾಡಿಕೊಳ್ಳಬೇಕಿತ್ತು. ನಾವು ಏನೂ ಮಾಡಿಕೊಂಡಿರಲಿಲ್ಲ.

ಮೊದಲನೆಯದಾಗಿ ಅಂಗಿ. ರಕ್ತ ಎದ್ದು ಕಾಣಲಿ ಅಂತ ಅಚ್ಚ ಬಿಳಿ ಅಂಗಿ ಹಾಕಿಸಿದೆವು. ಗಾಯವನ್ನು ಬಟ್ಟೆಯ ಜೊತೆಗೇ ಚಲಿಸುವಂತೆ ಮಾಡುವ ಟ್ರ್ಯಾಕಿಂಗ್ ಸಾಫ್ಟ್‌ವೇರ್, ಬಟ್ಟೆ ಎತ್ತ ಚಲಿಸಿತು ಅಂತ ಗೊತ್ತುಮಾಡಿಕೊಳ್ಳುವುದು ಅದರ ಮೇಲಿರುವ ಗೆರೆ, ಚುಕ್ಕಿ, ಹೊಲಿಗೆ ನೋಡಿ. ಖಾಲಿ ಬಿಳಿಯಲ್ಲಿ ಅದಕ್ಕೆ ಏನು ಸಿಗುತ್ತದೆ? ಎದೆಯ ಹತ್ತಿರ ಪೆನ್ನಿನಲ್ಲಿ ನಾಲ್ಕು ಸಣ್ಣ ಚುಕ್ಕಿ ಇಟ್ಟಿದ್ದರೆ ಸಾಕಿತ್ತು. ಆಮೇಲೆ ರಕ್ತದ ಕೆಳಗೆ ಅವು ಮುಚ್ಚಿಹೋಗುತ್ತವೆ. ಸಾಲದ್ದಕ್ಕೆ ಕ್ಯಾಮೆರಾ ಕೈಯಲ್ಲಿ ಹಿಡಿದಿದ್ದು, ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದದ್ದು, ಹಾಗಾಗಿ ಸ್ಪಷ್ಟವಾಗಿ ಕಾಣುವ ದೂರ ತೀರಾ ಕಡಿಮೆ. ಅವನು ವಾಲಿದ ಕೂಡಲೇ ಎದೆ ಫೋಕಸ್‌ನಿಂದ ಆಚೆ ಹೋಗಿತ್ತು.

ಇನ್ನು ಕೈ. ಗುಂಡು ಬಿದ್ದವನು ಎದೆ ಹಿಡಿದುಕೊಳ್ಳುವುದು ಸಹಜ ಅಲ್ವಾ? ಅವನೂ ಹಿಡಿದುಕೊಂಡ, ಚೆನ್ನಾಗಿಯೇ ಇತ್ತು. ಆದರೆ ಗಾಯ ಬೆರಳುಗಳ ಹಿಂದೆ ಕಾಣಬೇಕು ಅಂದರೆ ಪ್ರತಿ ಫ್ರೇಮ್‌ನಲ್ಲೂ (ಶಾಟ್‌ನ ಒಂದೊಂದು ಬಿಡಿ ಚಿತ್ರದಲ್ಲೂ) ಬೆರಳುಗಳನ್ನು ಕತ್ತರಿಸಿ ಬೇರೆ ಮಾಡಬೇಕು. ನಮ್ಮದು ಸೆಕೆಂಡಿಗೆ 25 ಫ್ರೇಮ್, ಶಾಟ್ 7 ಸೆಕೆಂಡ್. ಒಟ್ಟು 175 ಫ್ರೇಮ್. ಗಾಯ ಹಾಕುವ ಕೆಲಸ ಒಪ್ಪಿಕೊಂಡವರು ಮೊದಲ ಮೂವತ್ತು ಫ್ರೇಮ್ ಮಾಡಿ ಉಳಿದದ್ದನ್ನು ಕೈಬಿಟ್ಟರು. ನಂತರ ಗಾಯ ಬೆರಳುಗಳ ಮೇಲೆಯೇ ಕಾಣುತ್ತಿತ್ತು.

ಅವರಿಗೆ ಮುಂಗಡ ಅಂತ 15,000 ಕೊಟ್ಟಿದ್ದೆ. ಒಂದು ಶಾಟ್ ಮಾಡಿ ತೋರಿಸಿ, ಆಮೇಲೆ ಹಣ ಅಂತ ಕೇಳಬೇಕಿತ್ತು. ಅವರು ಕಪ್ಪು ಹಿನ್ನೆಲೆಯ ರಕ್ತದ ಕ್ಲಿಪ್ ತಂದು ಸ್ಕ್ರೀನ್ ಮೋಡ್‌ನಲ್ಲಿ (ಒಂದು ಚಿತ್ರವನ್ನು ಇನ್ನೊಂದರ ಮೇಲೆ ಬೆರೆಸುವ ಒಂದು ವಿಧಾನ) ಇಟ್ಟಿದ್ದರು. ಪಿಸ್ತೂಲಿನ ಬಾಯಿಂದ ಬರುವ ಬೆಂಕಿಗೆ ಆ ವಿಧಾನ ಸರಿ. ಬೆಂಕಿ ಬೆಳಕು, ಚಿತ್ರದ ಮೇಲೆ ಬೆಳಕನ್ನು ಕೂಡಿಸಿದರೆ ಆಯಿತು. ರಕ್ತ ಬೆಳಕಲ್ಲ, ಅದು ಬೆಳಕನ್ನು ನುಂಗುತ್ತದೆ. ಸ್ಕ್ರೀನ್ ಮೋಡ್ ಚಿತ್ರವನ್ನು ಬೆಳಗಿಸುತ್ತದೆಯೇ ಹೊರತು ಕಪ್ಪಾಗಿಸುವುದಿಲ್ಲ. ಬಿಳಿ ಅಂಗಿಯ ಮೇಲೆ ನಮ್ಮ ರಕ್ತ ತೆಳು ಗುಲಾಬಿ ಬಣ್ಣದ ಮಂಜಿನ ಹಾಗೆ ಕಂಡಿತು. ಬಟ್ಟೆಗೆ ಅಂಟುವ ಕಲೆಗೆ ಚಿತ್ರವನ್ನು ಕಪ್ಪಾಗಿಸುವ ಮಲ್ಟಿಪ್ಲೈ ಮೋಡ್ ಬೇಕು, ಚಿಮ್ಮುವ ಹನಿಗೆ ಪಾರದರ್ಶಕ ಹಿನ್ನೆಲೆಯ ಕ್ಲಿಪ್ ಬೇಕು. ನಿಮ್ಮ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಿದೆಯಾ ಅಂತ ಒಂದು ಮಾತು ಕೇಳಿ ನೋಡಿ. ಹಾಗೆಯೇ ಆ ಕ್ಲಿಪ್ ಎಲ್ಲಿಂದ ತಂದರು ಅಂತಲೂ ಕೇಳಿ. ನಮ್ಮದರ ಲೈಸೆನ್ಸ್‌ನಲ್ಲಿ ಸ್ವಂತ ಅಭ್ಯಾಸಕ್ಕೆ ಮಾತ್ರ ಅಂತ ಇತ್ತು. ಚಿತ್ರೋತ್ಸವಕ್ಕೆ ಅರ್ಜಿ ತುಂಬುವಾಗ ಅದು ನನಗೆ ಗೊತ್ತಾಯಿತು, ಆ ಶಾಟ್‌ಗಳನ್ನೆಲ್ಲ ಚಿತ್ರದಿಂದ ತೆಗೆದುಹಾಕಬೇಕಾಯಿತು.

ನನ್ನ ಕಡೆಯ ತಪ್ಪೂ ಇದೆ. ನಾನು ಅವರಿಗೆ ಕೊಟ್ಟಿದ್ದು ಕ್ಯಾಮೆರಾದ ಮೂಲ ಫೈಲ್ ಅಲ್ಲ, ಕಲರ್ ಗ್ರೇಡಿಂಗ್ (ಬಣ್ಣ ತಿದ್ದುವ ಕೆಲಸ) ಮುಗಿಸಿ ಎಕ್ಸ್‌ಪೋರ್ಟ್ ಮಾಡಿದ ಫೈಲ್. ಗಾಯ ಮೊದಲು ಕೂರಬೇಕು, ಗ್ರೇಡಿಂಗ್ ಆಮೇಲೆ. ಆಗ ಚರ್ಮ, ಬಟ್ಟೆ, ರಕ್ತ ಎಲ್ಲಕ್ಕೂ ಒಂದೇ ಬಣ್ಣ ಹೊಂದುತ್ತದೆ.

ಹಣ ಹೋದದ್ದಕ್ಕಿಂತ ಆ ಹುಡುಗನ ದುಡಿಮೆ ನಗೆಪಾಟಲಾಗಿದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಅದಕ್ಕೇ ಎರಡು ತಿಂಗಳ ನಂತರ ಆ ದೃಶ್ಯವನ್ನು ಮತ್ತೆ ತೆಗೆದೆವು. ಈ ಸಲ ಒಂದೇ ಥರದ ಮೂರು ಅಂಗಿ ತಂದೆವು, ಸಣ್ಣ ಚೌಕಳಿಯವು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ಗುಂಡು ಬೀಳುವ ಶಾಟ್ ಬರೀ ಒಂದು ಸೆಕೆಂಡ್, ಡಿಜಿಟಲ್ ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ಅಂಗಿಯಲ್ಲಿ ಸಣ್ಣ ತೂತು, ಎರಡು ಹನಿ, ಮೆಲ್ಲಗೆ ಹರಡುವ ಕಲೆ. ಕೂಡಲೇ ತಮ್ಮನ ಮುಖಕ್ಕೆ ಕಟ್. ಮತ್ತೆ ಅಣ್ಣನ ಕಡೆ ಬಂದಾಗ ಅವನು ಎರಡನೇ ಅಂಗಿಯಲ್ಲಿದ್ದಾನೆ, ಕಲೆ ನಿಜವಾದದ್ದು. ಗಟ್ಟಿ ಸಕ್ಕರೆ ಪಾಕಕ್ಕೆ ಕೆಂಪು ಫುಡ್ ಕಲರ್, ಚಿಟಿಕೆ ಕೋಕೋ ಪುಡಿ ಹಾಕಿ ಹಿಂದಿನ ರಾತ್ರಿ ನಾನೇ ಮಾಡಿದ್ದೆ. (ಮುಚ್ಚಿಡಿ, ಇರುವೆ ಬರುತ್ತವೆ.) ಒದ್ದೆ ಬಟ್ಟೆ ಎದೆಗೆ ಅಂಟಿಕೊಂಡ ರೀತಿ, ಅವನು ಕೈ ತೆಗೆದಾಗ ಬೆರಳ ಸಂದಿಯಲ್ಲಿ ಉಳಿದ ಕೆಂಪು, ಇವನ್ನು ನಮ್ಮ ಬಜೆಟ್‌ನ ಯಾವ ಸಾಫ್ಟ್‌ವೇರ್ ಕೆಲಸವೂ ಕೊಡುತ್ತಿರಲಿಲ್ಲ.

ಮುಂದಿನ ವಾರ ನಿಮ್ಮದು ಇಂಥದ್ದೇ ಶೂಟಿಂಗ್ ಇದ್ದರೆ, ನಾಳೆಯೇ ಹೋಗಿ ಅದೇ ಅಂಗಿ ಇನ್ನೆರಡು ತಂದಿಡಿ. ಮೊಬೈಲ್‌ನಲ್ಲಿ ಒಂದು ಸೆಕೆಂಡಿನ ಶಾಟ್ ತೆಗೆದು, ಗಾಯ ಹಾಕಿಸಿ, ದೊಡ್ಡ ಪರದೆಯಲ್ಲಿ ನೋಡಿ. ಹೊಂದದಿದ್ದರೆ ಇನ್ನೂ ಸಮಯ ಇರುತ್ತದೆ.