ವಾಲ್ವಿಗೂ ಟೋಪಿ, ನನಗೂ ಟೋಪಿ

ಹಾಸನದ ದಾರಿಯಲ್ಲಿ ಯಡಿಯೂರು ದಾಟಿ ಎರಡು ಮೂರು ಕಿಲೋಮೀಟರ್ ಹೋಗಿದ್ದೆ ಅಷ್ಟೇ. ಎಂಜಿನ್ನಿನಿಂದ ಟಣ್ ಅಂತ ಒಂದು ಸದ್ದು. ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಬಿಗಿದುಕೊಂಡು ಗಾಡಿ ಅಡ್ಡಕ್ಕೆ ಜಾರಿತು. ಹಿಂದೆ ಲಾರಿ ಇರಲಿಲ್ಲ, ಅದು ನನ್ನ ಪುಣ್ಯ. ಆಮೇಲೆ ಸಿಲಿಂಡರಿನ ಮೇಲೆ ಕೂರುವ ಹೆಡ್ ಬಿಚ್ಚಿ ನೋಡಿದರೆ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸಿಲಿಂಡರಿನೊಳಗೆ ಬಿದ್ದಿತ್ತು. ಪಿಸ್ಟನ್ನಿನ ನೆತ್ತಿಗೆ ತೂತು.

ಗಾಡಿ ಅಪ್ಪನದು. 1957ರ ಬುಲೆಟ್ 350. ಇಂಗ್ಲೆಂಡಿನ ರೆಡ್ಡಿಚ್‌ನಿಂದ ಸಾಮಾನು ತರಿಸಿ ಮದರಾಸಿನಲ್ಲಿ ಜೋಡಿಸುತ್ತಿದ್ದ ಕಾಲದ್ದು. ಬೀಡು ಕಬ್ಬಿಣದ ಬ್ಯಾರಲ್, ಅಲ್ಯೂಮಿನಿಯಂ ಹೆಡ್. ಬ್ರೇಕ್ ಎಡಕ್ಕೆ, ಗೇರು ಬಲಕ್ಕೆ. ಇಂಥ ಗಾಡಿ ಇಟ್ಟುಕೊಂಡವರು ನಿಮ್ಮಲ್ಲೂ ಇರುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೊಗೆಯಿಂದ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ತಿರುಗಿಸಿದರೆ ಹಿಂದೆ ನೀಲಿ ಹೊಗೆ. ವಾಲ್ವ್ ಗೈಡ್, ಅಂದರೆ ವಾಲ್ವಿನ ಕಾಂಡ ಆಡುವ ಕೊಳವೆ, ಸವೆದಿದ್ದರೆ ಹೀಗಾಗುತ್ತದೆ. ವಾಲ್ವನ್ನು ಮೇಲಿನಿಂದ ಒತ್ತುವ ರಾಕರಿಗೆ ಬರುವ ಆಯಿಲ್ ಗೈಡಿನ ಸಂದಿಯಿಂದ ಒಳಗೆ ಎಳೆದುಕೊಂಡು ಉರಿಯುತ್ತದೆ. ಬೆಂಗಳೂರಿನ ಒಂದು ಗ್ಯಾರೇಜಿಗೆ ಬಿಟ್ಟೆ. "ಇಂಥ ಹೆಡ್ ವಾರಕ್ಕೆ ನಾಲ್ಕು ಬಿಚ್ತೀನಿ ಸಾರ್, ಶನಿವಾರ ಬನ್ನಿ" ಅಂದರು. ನನಗೂ ಅವಸರ. ಭಾನುವಾರ ಹಾಸನಕ್ಕೆ ಹೋಗಿ ಅಮ್ಮನಿಗೆ ತೋರಿಸಬೇಕಿತ್ತು.

ಶುಕ್ರವಾರವೇ ಹೋಗಿ ಪಕ್ಕದಲ್ಲಿ ನಿಂತೆ. ಕಣ್ಣೆದುರಿಗೆ ನಡೆದದ್ದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಈ ಕಥೆಯಲ್ಲಿ ನನ್ನ ಪಾಲಿನ ತಪ್ಪು ಅದು.

ಮೊದಲು, ಗೈಡನ್ನು ತಣ್ಣಗಿನ ಹೆಡ್ಡಿನಿಂದ ಸುತ್ತಿಗೆಯಲ್ಲಿ ಬಡಿದು ತೆಗೆದರು. ಅಲ್ಯೂಮಿನಿಯಂ ಹೆಡ್ಡನ್ನು ಚೆನ್ನಾಗಿ ಕಾಯಿಸಬೇಕು. ಕಾದಾಗ ಅಲ್ಯೂಮಿನಿಯಂ ಗೈಡಿಗಿಂತ ಜಾಸ್ತಿ ಹಿಗ್ಗುತ್ತದೆ, ಗೈಡ್ ಸುಲಭಕ್ಕೆ ಬರುತ್ತದೆ. ತಣ್ಣಗೆ ಬಡಿದರೆ ತೂತಿನ ಗೋಡೆ ಗೀಚಿ ಅಗಲವಾಗುತ್ತದೆ. ಆಮೇಲೆ ಹಾಕುವ ಹೊಸ ಗೈಡ್ ಬಿಗಿಯಾಗಿ ಕೂರುವುದಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಗೈಡ್ ಬದಲಾಯಿಸಿದರೆ ವಾಲ್ವ್ ನಿಲ್ಲುವ ಜಾಗ ಕೂದಲೆಳೆಯಷ್ಟಾದರೂ ಸರಿಯುತ್ತದೆ. ಹಳೆಯ ಸೀಟಿಗೆ, ಅಂದರೆ ವಾಲ್ವ್ ಮುಚ್ಚಿ ಕೂರುವ ಅಂಚಿಗೆ, ಅದು ಸರಿಯಾಗಿ ಕೂರುವುದಿಲ್ಲ. ಹೊಸ ಗೈಡನ್ನೇ ಆಧಾರ ಮಾಡಿಕೊಂಡು ಸೀಟ್ ಕಟಿಂಗ್ ಮಾಡಿಸಬೇಕು. ಇವರು ಕಟ್ಟರ್ ಮುಟ್ಟಲೇ ಇಲ್ಲ. ದಪ್ಪ ಪೇಸ್ಟ್ ಹಚ್ಚಿ ಉಜ್ಜಿದರು. ಊಟಕ್ಕೆ ಹೋಗಿ ಬಂದು ಮತ್ತೆ ಉಜ್ಜಿದರು. ಸೊಟ್ಟ ಸೀಟು ಉಜ್ಜಿದರೆ ನೆಟ್ಟಗಾಗುತ್ತಾ? ವಾಲ್ವ್ ಹೆಡ್ಡಿನೊಳಗೆ ಹೂತುಕೊಳ್ಳುತ್ತದೆ, ಅಷ್ಟೇ.

ವಾಲ್ವ್ ಒಳಗೆ ಹೂತಷ್ಟೂ ಅದರ ಕಾಂಡ ಮೇಲಕ್ಕೆ ಎದ್ದು ನಿಲ್ಲುತ್ತದೆ. ಸ್ಪ್ರಿಂಗಿನ ಒತ್ತಡ ಕಡಿಮೆಯಾಗುತ್ತದೆ. ರಾಕರಿನ ಇನ್ನೊಂದು ತುದಿ ಕೆಳಗಿಳಿದು, ಅದನ್ನು ಕೆಳಗಿನಿಂದ ಎತ್ತುವ ಸರಳನ್ನು, ಅಂದರೆ ಪುಶ್‌ರಾಡನ್ನು, ಒತ್ತುತ್ತದೆ. ಬುಲೆಟ್ಟಿನಲ್ಲಿ ಟ್ಯಾಪೆಟ್, ಅಂದರೆ ಇವುಗಳ ನಡುವಿನ ಸಡಿಲ, ಅಡ್ಜಸ್ಟ್ ಮಾಡುವುದು ಪುಶ್‌ರಾಡಿನ ಬುಡದಲ್ಲಿ ತಾನೇ? ಅಲ್ಲಿನ ಸ್ಕ್ರೂ ಪೂರ್ತಿ ಒಳಗೆ ಹೋದರೂ ಎಕ್ಸಾಸ್ಟ್ ಸಡಿಲವಾಗಲಿಲ್ಲ. ಆಗ ಅವರು ವಾಲ್ವ್ ಬಿಚ್ಚಿ, ಕಾಂಡದ ತುದಿಯನ್ನು ಗ್ರೈಂಡರಿಗೆ ಹಿಡಿದರು. ಕಿಡಿ ಹಾರುವುದನ್ನು ನಾನು ಟೀ ಕುಡಿಯುತ್ತಾ ನೋಡಿದೆ.

ಈ ಗಾಡಿಯ ವಾಲ್ವ್ ಕಾಂಡದ ತುದಿಗೆ ಪುಟ್ಟ ಉಕ್ಕಿನ ಟೋಪಿ ಇರುತ್ತದೆ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಆ ಥರದ್ದು. ರಾಕರ್ ಬಡಿಯುವುದು ಇದರ ಮೇಲೆ. ಟೋಪಿ ಕಾಂಡದ ತುದಿಯಲ್ಲಿ ಮಾತ್ರ ಕೂತಿರಬೇಕು. ಅದರ ಅಂಚಿಗೂ ಕೆಳಗಿನ ವಾಲ್ವ್ ಲಾಕಿಗೂ (ಕಾಂಡವನ್ನು ಸ್ಪ್ರಿಂಗ್ ಪ್ಲೇಟಿಗೆ ಹಿಡಿದಿಡುವ ಎರಡು ತುಂಡಿನ ಬೆಣೆ) ಸಂದಿ ಇರಲೇಬೇಕು. ಕಾಂಡ ಗಿಡ್ಡವಾದರೆ ಟೋಪಿ ಕೆಳಗಿಳಿದು ಲಾಕಿನ ಮೇಲೆ, ಸ್ಪ್ರಿಂಗ್ ಪ್ಲೇಟಿನ ಮೇಲೆ ಕೂರುತ್ತದೆ. ರಾಕರಿನ ಪ್ರತಿ ಏಟೂ ಅಲ್ಲಿಗೇ. ಏಟು ತಿಂದು ತಿಂದು ಲಾಕ್ ಸಡಿಲವಾಗಿ ಒಂದು ದಿನ ಹಾರಿಹೋಗುತ್ತದೆ, ವಾಲ್ವ್ ಕೆಳಗೆ ಬೀಳುತ್ತದೆ. ನನ್ನ ಗಾಡಿಯಲ್ಲಿ ಎರಡೂ ಲಾಕ್ ತುಂಡುಗಳು ರಾಕರ್ ಬಾಕ್ಸಿನಲ್ಲೇ ಬಿದ್ದಿದ್ದವು, ಒಂದು ಚೂರೂ ಮುಕ್ಕಾಗದೆ.

ಇದನ್ನೆಲ್ಲ ಬಿಡಿಸಿ ಹೇಳಿದ್ದು ಹಾಸನದ ಹಳೇ ಮೇಸ್ತ್ರಿ. ಅಪ್ಪನ ಕಾಲದಿಂದಲೂ ಗೊತ್ತಿರುವವರು. ವಾಲ್ವಿನ ತುದಿ ನೋಡಿ, ನನ್ನ ಮುಖ ನೋಡಿ, "ನಿಮ್ಮಪ್ಪ ಇದ್ದಿದ್ರೆ ನಿನಗೆ ಎರಡು ಬಾರಿಸ್ತಿದ್ರು ಕಣಪ್ಪಾ" ಅಂದರು. ರಾಕರ್ ಹಿಡಿದುಕೊಳ್ಳುವ ಬ್ಲಾಕುಗಳೂ ಅದಲು ಬದಲಾಗಿದ್ದವು. ಮೇಲಿನ ಅರ್ಧ, ಕೆಳಗಿನ ಅರ್ಧ ಒಟ್ಟಿಗೆ ಕೊರೆದ ಜೋಡಿ ಅವು. ಗ್ಯಾರೇಜಿನವರು ಎಲ್ಲ ಜೋಡಿಗಳನ್ನೂ ಒಂದೇ ಸೀಮೆಎಣ್ಣೆ ಡಬ್ಬಿಗೆ ಸುರಿದದ್ದು ನನಗೆ ಚೆನ್ನಾಗಿ ನೆನಪಿದೆ. ನಟ್ ಬಿಗಿದ ಮೇಲೆ ರಾಕರ್ ಬೆರಳಲ್ಲಿ ಸಲೀಸಾಗಿ ಆಡಬೇಕು. ನನ್ನದರಲ್ಲಿ ಒಂದು ಬಿಗಿಯಾಗಿ ಉಜ್ಜಿಕೊಂಡು ಕಪ್ಪಾಗಿತ್ತು.

ಗ್ಯಾರೇಜಿಗೆ ಫೋನ್ ಮಾಡಿದೆ. "ಹಳೇ ಗಾಡಿ ಅಲ್ವಾ ಸಾರ್, ವಾಲ್ವ್ ಮುರಿಯೋದು ಸಹಜ" ಅಂದರು. ಮುರಿದಿಲ್ಲ ಮಾರಾಯರೇ, ಬಿಟ್ಟುಕೊಂಡಿದೆ, ಲಾಕ್ ನನ್ನ ಕೈಯಲ್ಲೇ ಇದೆ ಅಂದೆ. ಫೋನ್ ಕಟ್. ಅವರಿಗೆ ಕೊಟ್ಟಿದ್ದು 6,500 ರೂಪಾಯಿ. ಆಮೇಲೆ ಪಿಸ್ಟನ್, ಬೋರಿಂಗ್, ಹೊಸ ಸೀಟು, ಲೇತಿನಲ್ಲಿ ದಪ್ಪಕ್ಕೆ ಮಾಡಿಸಿದ ಗೈಡ್, ವಾಲ್ವ್ ಎಲ್ಲ ಸೇರಿ 31,000. ಕನೆಕ್ಟಿಂಗ್ ರಾಡ್ ಮಾತ್ರ ಉಳಿದುಕೊಂಡಿತು.

ಹೆಡ್ ಕೆಲಸ ಮಾಡಿಸುವವರು ಹೆಡ್ ಕೂರಿಸುವ ಮೊದಲೇ ಹೋಗಿ ನಿಲ್ಲಿ. ಪೋರ್ಟಿಗೆ, ಅಂದರೆ ವಾಲ್ವಿನ ಹಿಂದಿನ ಗಾಳಿ-ಹೊಗೆಯ ದಾರಿಗೆ, ಸ್ವಲ್ಪ ಪೆಟ್ರೋಲ್ ಸುರಿಸಿ, ವಾಲ್ವಿನ ಸುತ್ತ ಒಸರುತ್ತದಾ ನೋಡಿ. ಲಾಕಿನ ಮೇಲೂ ಪ್ಲೇಟಿನ ಮೇಲೂ ತೆಳ್ಳಗೆ ನೀಲಿ ಬಣ್ಣ ಹಚ್ಚಿಸಿ, ಟೋಪಿ ಕೂರಿಸಿ, ಒಂದು ಸುತ್ತು ತಿರುಗಿಸಿ ತೆಗೆಯಿರಿ. ಅಂಚಿಗೆ ನೀಲಿ ಅಂಟಿದ್ದರೆ ಗಾಡಿ ಈಚೆ ತರಬೇಡಿ. ಯಾರು ಏನಂದುಕೊಂಡರೂ ಸರಿ, ಸುಮ್ನೆ ಸಂಕೋಚ ಬೇಡ. ಟ್ಯಾಪೆಟ್ ನೋಡುವಾಗ ಎಂಜಿನ್ ತಣ್ಣಗಿರಲಿ. ಎರಡೂ ವಾಲ್ವ್ ಮುಚ್ಚಿದ್ದಾಗ ಪುಶ್‌ರಾಡ್ ಬೆರಳಿಗೆ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. "ಅಡ್ಜಸ್ಟರ್ ಕೊನೆ ಮುಟ್ಟಿದೆ, ಕಾಂಡ ಸ್ವಲ್ಪ ಹೊಡೆದುಬಿಡ್ತೀನಿ" ಅನ್ನುವ ಮಾತು ಕಿವಿಗೆ ಬಿದ್ದರೆ, ಹೆಡ್ಡನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮನೆಗೆ ಬನ್ನಿ.