ಹೆಸರಿಲ್ಲದ ಚುಕ್ಕಿಗಳು: 'ಸ್ಟಾರ್ ಟ್ರೆಕ್: 25ನೇ ಆ್ಯನಿವರ್ಸರಿ' ಇಷ್ಟು ವರ್ಷಗಳ ಮೇಲೂ

ಹೊಸದಾಗಿ ಆಡಲು ಬಂದವರನ್ನು ಮೊದಲ ಕಾಲು ಗಂಟೆಯಲ್ಲೇ ಓಡಿಸುವುದು 'ಸ್ಟಾರ್ ಟ್ರೆಕ್' ಬಾಹ್ಯಾಕಾಶ ಧಾರಾವಾಹಿಯನ್ನು ಆಧರಿಸಿದ ಈ ಕಂಪ್ಯೂಟರ್ ಆಟದ ನಕ್ಷೆ. ಇದರಲ್ಲಿ ನೀವು ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಕರ್ಕ್. ಆರಂಭದ ಅಣಕು ಕಾಳಗ ಮುಗಿಯುತ್ತಿದ್ದಂತೆ ಪಾಲಕ್ಸ್ ಎಂಬಲ್ಲಿಗೆ ಹೊರಡಿ ಎಂದು ನೌಕೆಯನ್ನಾಳುವ ಪಡೆ ಸ್ಟಾರ್‌ಫ್ಲೀಟ್‌ನಿಂದ ಆದೇಶ ಬರುತ್ತದೆ. ನೌಕೆಯ ದಾರಿ ನೋಡುವ ಚೆಕಾವ್ ಮೇಲೆ ಕ್ಲಿಕ್ ಮಾಡಿದರೆ ತೆರೆದುಕೊಳ್ಳುವುದು ಚುಕ್ಕಿಗಳ ರಾಶಿ, ಒಂದಕ್ಕೂ ಹೆಸರಿಲ್ಲ. ಹೆಸರುಗಳೆಲ್ಲ ಇರುವುದು ಮುದ್ರಿತ ಕೈಪಿಡಿಯಲ್ಲಿ. 1992ರಲ್ಲಿ ಫ್ಲಾಪಿ ನಕಲು ಮಾಡಿಕೊಳ್ಳುವವರಿಗೆಂದು ಆಟದ ಕಂಪನಿ ಇಂಟರ್‌ಪ್ಲೇ ಹಾಕಿದ ಬೀಗ ಇದು. ತಪ್ಪು ಚುಕ್ಕಿ ಒತ್ತಿದಿರೋ, ನೌಕೆ ಯಾರದೋ ಗಡಿಯೊಳಗೆ ಹೋಗಿ ನಿಲ್ಲುತ್ತದೆ. ಶತ್ರುಗಳಾದ ಕ್ಲಿಂಗಾನರೋ ರೊಮ್ಯುಲನ್ನರೋ ಎಲಾಸಿ ದರೋಡೆಕೋರರೋ ಮೇಲೆ ಬೀಳುತ್ತಾರೆ. ತಾನು ಎಡವಿದ್ದು ನಕ್ಷೆಯಲ್ಲಿ ಎಂದು ತಿಳಿಯದೆ, ಆಟವೇ ವಿಪರೀತ ಕಷ್ಟ ಎಂದುಕೊಂಡು ಬಿಟ್ಟವರು ಬಹಳ.

ಈಗ ಸಿಗುವ ಡಿಜಿಟಲ್ ಪ್ರತಿಯಲ್ಲೂ ಬೀಗ ಹಾಗೇ ಇದೆ. ಕೈಪಿಡಿ ಪಿಡಿಎಫ್ ರೂಪದಲ್ಲಿ ಜೊತೆಗೇ ಬರುತ್ತದೆ. ಇಡೀ ಕೈಪಿಡಿಯನ್ನು ಮುದ್ರಿಸುವ ಗೋಜು ಬೇಡ, ನಕ್ಷೆಯ ಪುಟವೊಂದೇ ಸಾಕು. ಎ4 ಹಾಳೆಯನ್ನು ಅಡ್ಡ ಇಟ್ಟು ತೆಗೆಸಿ. ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ಅಕ್ಕಪಕ್ಕದ ಚುಕ್ಕಿಗಳು ಪರದೆಯಾಚೆ ಜಾರಿ, ಯಾವುದು ಯಾವುದೋ ಗೊತ್ತಾಗದೆ ಮತ್ತೆ ಗಡಿ ದಾಟುತ್ತೀರಿ. ಬೇಕಾದ ಚುಕ್ಕಿಯನ್ನು ನೇರವಾಗಿ ಹುಡುಕುವ ಬದಲು ಅದರ ಸುತ್ತಲಿನ ಮೂರ್ನಾಲ್ಕು ಚುಕ್ಕಿಗಳ ಆಕಾರವನ್ನು ಹೊಂದಿಸಿ ನೋಡಿ. ಹೋಗಿಬಂದ ಕಡೆಗೆ ಪೆನ್ಸಿಲ್ಲಿನಲ್ಲೊಂದು ಗುಂಡು. ನಾಲ್ಕನೆಯ ಕಂತಿನ ಹೊತ್ತಿಗೆ ಆ ಹಾಳೆಯಿಲ್ಲದೆ ಆಟಕ್ಕೆ ಕೂರಲು ಮನಸ್ಸೇ ಬರುವುದಿಲ್ಲ. ನೌಕೆ ನಡೆಸುವವನ ಮುಂದೆ ನಕ್ಷೆ ಹರಡಿಕೊಂಡಿರುವುದೇ ಸರಿ ಅನ್ನಿಸಿಬಿಡುತ್ತದೆ.

ಕಾಳಗದ ಬಗ್ಗೆ ಇಷ್ಟು ಮೃದುವಾಗಿ ಹೇಳಲಾಗದು. ಒಗಟು ಬಿಡಿಸಲೆಂದು ಬಂದವರ ಕೈಗೆ ಇಲ್ಲಿ ಕಾಳಗವೂ ಬೀಳುತ್ತದೆ, ಅದನ್ನು ಗೆಲ್ಲದೆ ಕಥೆ ಮುಂದೆ ಸಾಗದು. ಹಳೆಯ ಕಂಪ್ಯೂಟರಿನ ವೇಗಕ್ಕೆ ಬರೆದದ್ದಾದ್ದರಿಂದ ಹಳೆಯ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್, ಅಂದರೆ ಆಟಕ್ಕೆ ಕೊಡುವ ವೇಗ, ಹೆಚ್ಚಿದ್ದರೆ ಶತ್ರು ನೌಕೆ ನೊಣದಂತೆ ಹಾರಾಡುತ್ತದೆ. ಕಡಿಮೆಯಾದರೆ ಎಂಟರ್‌ಪ್ರೈಸ್ ಎತ್ತಿನ ಗಾಡಿಯಂತೆ ಹೊರಳುತ್ತದೆ. ಸೈಕಲ್ಸ್ ಅನ್ನು 'ಆಟೋ'ದಲ್ಲಿ ಬಿಡಬೇಡಿ. 'ಫಿಕ್ಸೆಡ್' ಮಾಡಿ 10000ದಿಂದ ಶುರುಮಾಡಿ, ಕಾಳಗದ ನಡುವೆಯೇ ಸರಿಪಡಿಸಿಕೊಳ್ಳಿ. ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಮೂಲ ಸೆಟ್ಟಿಂಗಿನಲ್ಲಿ ಇಳಿಯುವುದು ಶೇ. 20ರ ಹೆಜ್ಜೆಯಲ್ಲಿ, ಏರುವುದು ಶೇ. 10ರಲ್ಲಿ, ಹಾಗಾಗಿ ಒಮ್ಮೆ ಇಳಿಸಿದ್ದನ್ನು ಹಿಂದಿನ ಮಟ್ಟಕ್ಕೆ ತರಲು ಎರಡು ಮೂರು ಸಲ ಒತ್ತಬೇಕು. ಮೌಸ್ ಕಿಟಕಿಯೊಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಮತ್ತು ಎಫ್10. ಡಾಸ್‌ಬಾಕ್ಸ್ ಸೆಟ್ಟಿಂಗಿನ 'ಆಸ್ಪೆಕ್ಟ್' ಎಂಬುದನ್ನು 'ಟ್ರೂ' ಮಾಡಲು ಮರೆಯಬೇಡಿ. 320×200ರ ಚಿತ್ರವನ್ನು 4:3 ಪರದೆಗೆಂದು ಬರೆದದ್ದು. ಹಾಗೇ ಬಿಟ್ಟರೆ ಕರ್ಕ್ ಸಾಹೇಬರು ಕುಳ್ಳಗೆ, ದಪ್ಪಗೆ ಕಾಣುತ್ತಾರೆ.

ಹೋರಾಟದ ಕ್ರಮ ಇಷ್ಟೇ: ಮೊದಲು 'ಎಸ್' ಒತ್ತಿ ರಕ್ಷಾಕವಚ, ಆಮೇಲೆ 'ಡಬ್ಲ್ಯೂ' ಒತ್ತಿ ಆಯುಧ. ಮೌಸ್‌ನ ಎಡ ಗುಂಡಿಗೆ ಫೇಸರ್ ಎಂಬ ಕಿರಣದ ಆಯುಧ, ಬಲ ಗುಂಡಿಗೆ ಟಾರ್ಪಿಡೊ. ವೇಗಕ್ಕೆ ಅಂಕಿಗಳ ಕೀಲಿ. ಪೂರ್ತಿ ವೇಗದಲ್ಲಿ ಶತ್ರುವಿನ ಬೆನ್ನು ಹತ್ತುವುದು ಎಲ್ಲರೂ ಮಾಡುವ ತಪ್ಪು. ವೇಗ ತಗ್ಗಿಸಿ, ಅವನೇ ಎದುರಿಗೆ ತಿರುಗಿ ಬರುವವರೆಗೆ ಕಾದು, ಹತ್ತಿರವಾದಾಗ ಟಾರ್ಪಿಡೊ ಬಿಡಿ. ಇಷ್ಟೆಲ್ಲ ಗೊತ್ತಿದ್ದರೂ ಕಾಳಗ ಬಂದಾಗಲೆಲ್ಲ ಊಟದ ನಡುವೆ ಕಲ್ಲು ಸಿಕ್ಕ ಹಾಗೆ.

ನೌಕೆಯಿಂದ ಇಳಿದ ಮೇಲೆ ಮುನಿಸೆಲ್ಲ ಕರಗುತ್ತದೆ. 1966ರಿಂದ 1969ರವರೆಗೆ ಬಂದ ಧಾರಾವಾಹಿಯ ಗತ್ತನ್ನು ಇಷ್ಟು ಚೆನ್ನಾಗಿ ಹಿಡಿದ ಆಟ ಇನ್ನೊಂದಿಲ್ಲ. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ದೂರದರ್ಶನದ ಮುಂದೆ ಕೂತು ಅದನ್ನು ನೋಡಿದವರಿಗೆ ಕಿವಿಯೇ ಸಾಕ್ಷಿ: ಸಿಡಿ ಆವೃತ್ತಿಯಲ್ಲಿ ಮಾತಾಡಿರುವುದು ಧಾರಾವಾಹಿಯ ಮೂಲ ನಟರಾದ ಶಾಟ್ನರ್, ನಿಮೊಯ್, ಕೆಲ್ಲಿ ಇವರೇ. ಒಟ್ಟು ಏಳು ಕಂತು. ವಾರಕ್ಕೊಂದೇ ಆಡಿದರೆ ರುಚಿ ಹೆಚ್ಚು. ಪ್ರತಿ ಇಳಿತದಲ್ಲೂ ಕರ್ಕ್, ವಿಜ್ಞಾನದ ಅಧಿಕಾರಿ ಸ್ಪಾಕ್, ವೈದ್ಯ ಮೆಕಾಯ್, ಜೊತೆಗೊಬ್ಬ ಕೆಂಪಂಗಿಯ ಕಾವಲಿನವನು. ಮುಂದೆ ಹೋಗಲು ಬೇಕಿರಲಿ ಬಿಡಲಿ, ಕಂಡ ಕಂಡ ವಸ್ತುವಿನ ಮೇಲೆ ಸ್ಪಾಕ್‌ನನ್ನು, ಆಮೇಲೆ ಮೆಕಾಯ್‌ನನ್ನು ಪ್ರಯೋಗಿಸಿ ನೋಡಿ. ಒಬ್ಬನದು ಲೆಕ್ಕಾಚಾರ, ಇನ್ನೊಬ್ಬನದು ಗೊಣಗಾಟ. ಅರ್ಧ ಆಟ ಇರುವುದು ಆ ಮಾತುಗಳಲ್ಲೇ. ಎಆರ್‌ಕೆ7 ಸಂಶೋಧನಾ ಕೇಂದ್ರದ ಕಂತಿನಲ್ಲಿ ಸ್ಪಾಕ್‌ಗೇ ಸೋಂಕು ತಗಲುತ್ತದೆ. ಅಲ್ಲಿ ಮಾತ್ರ ಈ ಚಪಲ ಬಿಟ್ಟು ಮೊದಲು ಔಷಧಿಯ ದಾರಿ ನೋಡಿ.

ಕಂತು ಮುಗಿದಾಗ ಅಡ್ಮಿರಲ್ ಶೇಕಡಾವಾರು ಅಂಕ ಕೊಡುತ್ತಾನೆ. ಮರಳಿ ಮರಳಿ ಆಡಿಸುವುದು ಇದೇ. ಒಗಟು ಬಿಡಿಸಿದ್ದಕ್ಕಷ್ಟೇ ಅಂಕವಿಲ್ಲ, ಹೇಗೆ ನಡೆದುಕೊಂಡಿರಿ ಎಂಬುದಕ್ಕೂ ಇದೆ. ಚೀಲದಲ್ಲಿ ಎರಡು ಫೇಸರ್ ಇರುತ್ತವೆ, ಒಂದು ಮೂರ್ಛೆಗೆ, ಇನ್ನೊಂದು ಸಾವಿಗೆ. ಎರಡನೆಯದನ್ನು ಕೈಯಲ್ಲಿ ಹಿಡಿಯುವ ಅಭ್ಯಾಸವೇ ಬೇಡ. ಸಂಭಾಷಣೆಯಲ್ಲಿ ಚುಚ್ಚುಮಾತು ಎಷ್ಟೇ ಚೆನ್ನಾಗಿರಲಿ, ಸಭ್ಯ ಸಾಲನ್ನೇ ಆರಿಸಿ. ಕೆಂಪಂಗಿಯವನು ಸತ್ತರೂ ಕಥೆ ಮುಂದುವರಿಯುತ್ತದೆ, ಅಂಕ ಮಾತ್ರ ಹೋಗುತ್ತದೆ. ಧಾರಾವಾಹಿಯಲ್ಲಿ ಸಾಯಲೆಂದೇ ಬರುತ್ತಿದ್ದವನನ್ನು ಇಲ್ಲಿ ಜೀವಂತ ವಾಪಸು ಕರೆತರುವುದರಲ್ಲಿ ಬೇರೆಯೇ ಖುಷಿ ಇದೆ. ಬಾಗಿಲು ತೆರೆಯುವ ಮುನ್ನ, ಹೊಸ ಕೋಣೆಗೆ ಕಾಲಿಡುವ ಮುನ್ನ ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿಡಿ. ಒಂದೇ ಹೆಸರಿನ ಮೇಲೆ ಮತ್ತೆ ಮತ್ತೆ ಬರೆದರೆ, ಅವನು ಸತ್ತ ಮೇಲಿನದ್ದೇ ಉಳಿದುಬಿಟ್ಟೀತು.

ಈ ಅಂಕಗಳಿಗೂ ಕಾಳಗಕ್ಕೂ ನಂಟಿದೆ, ಆಟ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಮೆಚ್ಚುಗೆಯ ಅಂಕ ಕೂಡಿದಂತೆ ನೌಕೆಯ ಸಿಬ್ಬಂದಿ ಚುರುಕಾಗುತ್ತಾರೆ. ಒರಟಾಗಿ ಆಡಿ ಬಂದವರಿಗೆ ಕೊನೆಯ ಕಂತಿನಲ್ಲಿ ಎದುರಾಗುವ ನಕಲಿ ಎಂಟರ್‌ಪ್ರೈಸ್ ಗೋಡೆಯಂತೆ ನಿಲ್ಲುವುದು ಇದರಿಂದಲೇ. ಅಲ್ಲಿ ಸೋಲುತ್ತಲೇ ಇದ್ದರೆ ಸೈಕಲ್ಸ್ ಇಳಿಸಿ ಒದ್ದಾಡುವ ಮೊದಲು ಹಿಂದಿನ ಕಂತುಗಳ ಅಂಕ ನೋಡಿಕೊಳ್ಳಿ. ಕಡಿಮೆ ಬಂದ ಕಂತಿನ ಸೇವ್ ತೆರೆದು ಅಲ್ಲಿಂದಲೇ ಮತ್ತೆ ಆಡುವುದು ಲೇಸು. ಕೊಳ್ಳುವುದಾದರೆ ಸಿಡಿ ಆವೃತ್ತಿಯೇ ಎಂದು ಖಚಿತಪಡಿಸಿಕೊಳ್ಳಿ. ಫ್ಲಾಪಿಯಲ್ಲಿ ಆ ಕೊನೆಯ ಕಂತು ಶುರುವಾಗುವಷ್ಟರಲ್ಲಿ ಮುಗಿದುಹೋಗುತ್ತದೆ. ಸಿಡಿಗಾಗಿ ಅದನ್ನು ಹಿಗ್ಗಿಸಿ ಬರೆದಿದ್ದಾರೆ. ಅವಸರವಿಲ್ಲದಿದ್ದರೆ ರಿಯಾಯಿತಿ ಮಾರಾಟದವರೆಗೆ ಕಾಯಿರಿ. ಅಷ್ಟರಲ್ಲಿ ನಕ್ಷೆಯ ಹಾಳೆ ತೆಗೆಸಿಟ್ಟುಕೊಂಡಿರಿ.