ಕ್ಲಿಪ್, ಅಲೆ, ಸದ್ದು: ಮತ್ತಿನಲ್ಲಿರುವ ನಾಯಿ-ಬೆಕ್ಕನ್ನು ಕಾಯಲು ಯಾವ ಮಾನಿಟರ್?

ಟೇಬಲ್ ಮೇಲೆ 14 ಕೆಜಿಯ ಹೆಣ್ಣು ನಾಯಿ. ಗರ್ಭಕೋಶ ತೆಗೆಯುವ ಆಪರೇಷನ್ ನಡೆದಿತ್ತು. ನಾಲಿಗೆಗೆ ಸಿಕ್ಕಿಸಿದ, ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್, ಅಂದರೆ ಪಲ್ಸ್ ಆಕ್ಸಿಮೀಟರ್, ಶೇಕಡಾ 98 ತೋರಿಸುತ್ತಿತ್ತು. ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಪಕ್ಕದ ಕ್ಯಾಪ್ನೋಗ್ರಾಫ್ 64 ತೋರಿಸುತ್ತಿತ್ತು, ಸಹಜಕ್ಕಿಂತ ತುಂಬಾ ಜಾಸ್ತಿ. ಮೊದಲನೆಯದನ್ನು ಮಾತ್ರ ನೋಡಿದರೆ ನಾಯಿ ಆರಾಮಾಗಿದೆ. ಎರಡನೆಯದನ್ನು ನೋಡಿದರೆ ಅದರ ಉಸಿರು ಸಾಲುತ್ತಿಲ್ಲ. ಎರಡೂ ಯಂತ್ರ ನಿಜವನ್ನೇ ಹೇಳುತ್ತಿದ್ದವು.

ನಾನು ಮಂಗಳೂರಿನ ಒಂದು ಸಣ್ಣ ಪ್ರಾಣಿ ಕ್ಲಿನಿಕ್‌ನಲ್ಲಿ ನರ್ಸ್. ಆಗಾಗ ಉಡುಪಿ ಕಡೆಯ ಬೀದಿನಾಯಿ ಕ್ಯಾಂಪ್‌ಗಳಿಗೂ ಹೋಗುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುವ ಮೊದಲ ಪ್ರಶ್ನೆ, ಯಾವ ಮಾನಿಟರ್ ಒಳ್ಳೆಯದು ಅಂತ. ಯಾವುದು ಒಳ್ಳೆಯದು ಅನ್ನುವುದಕ್ಕಿಂತ, ಯಾವುದು ಎಲ್ಲಿ ಬೇಗ ಎಚ್ಚರಿಸುತ್ತದೆ ಅಂತ ಕೇಳಬೇಕು. ಇವನ್ನೆಲ್ಲ ನನ್ನ ಕೈಯಲ್ಲೇ ಬಳಸಿ ನೋಡಿದ ಮೇಲೆ ನನಗೆ ಹೊಳೆದದ್ದು ಅದು.

ಪಲ್ಸ್ ಆಕ್ಸಿಮೀಟರನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ. ಅಗ್ಗ, ಸಣ್ಣದು, ಜೇಬಿನಲ್ಲೂ ಹಿಡಿಯುತ್ತದೆ. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ನಾಲಿಗೆಯ ಮೂಲಕ ಹಾಯಿಸಿ, ರಕ್ತದ ಹಿಮೋಗ್ಲೋಬಿನ್ ಎಷ್ಟು ಆಕ್ಸಿಜನ್ ಹೊತ್ತಿದೆ ಅಂತ ಲೆಕ್ಕ ಹಾಕುತ್ತದೆ. ತೊಡಕು ಇಲ್ಲೇ ಇದೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಶುದ್ಧ ಆಕ್ಸಿಜನ್ ಕೊಡುತ್ತಿರುವಾಗ ನಾಯಿ ನಿಮಿಷಕ್ಕೆ ನಾಲ್ಕೇ ಸಲ ಉಸಿರಾಡಿದರೂ ಹಿಮೋಗ್ಲೋಬಿನ್ ತುಂಬಿಯೇ ಇರುತ್ತದೆ. ಅಂಕಿ 98 ಬಿಟ್ಟು ಕದಲುವುದಿಲ್ಲ. ಒಳಗೆ ಮಾತ್ರ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಕ್ಲಿಪ್ ಎಚ್ಚರಿಸುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ಆದರೆ ಕ್ಯಾಂಪ್‌ನಲ್ಲಿ, ಕ್ಸೈಲಜಿನ್ ಮತ್ತು ಕೆಟಮಿನ್ ಎಂಬ ಮತ್ತಿನ ಮದ್ದು ಚುಚ್ಚಿ, ಆಕ್ಸಿಜನ್ ಇಲ್ಲದೆ ಆಪರೇಷನ್ ಮಾಡುವಾಗ ಇದೇ ಕ್ಲಿಪ್ ಬೇಗ ಹೇಳಿಬಿಡುತ್ತದೆ. ಗಾಳಿಯಲ್ಲಿರುವುದು 21 ಶೇಕಡಾ ಆಕ್ಸಿಜನ್ ಮಾತ್ರ, ಅಲ್ವಾ? ಉಸಿರು ಸ್ವಲ್ಪ ಕಮ್ಮಿಯಾದರೂ ಅಂಕಿ ಇಳಿಯುತ್ತದೆ. 95ಕ್ಕಿಂತ ಕೆಳಗೆ ಬಂದರೆ ನಾನು ಡಾಕ್ಟರಿಗೆ ಹೇಳುತ್ತೇನೆ. 90 ಆಗಲಿ ಅಂತ ಕಾಯುವುದಿಲ್ಲ. ಅಲ್ಲಿಂದ ಕೆಳಗೆ ಜಾರುವುದು ಬಹಳ ವೇಗ.

ಕ್ಲಿಪ್‌ನ ಬೇರೆ ತಾಪತ್ರಯಗಳು ಕೆಲಸ ಮಾಡುತ್ತಾ ಗೊತ್ತಾದವು. ನಾಲಿಗೆ ಒಣಗಿದರೆ ಅಂಕಿ ಇಳಿಯುತ್ತದೆ. ಒಂದೇ ಕಡೆ ಕಚ್ಚಿಕೊಂಡಿದ್ದರೆ ಅಲ್ಲಿಯ ರಕ್ತ ಹಿಂಡಿಹೋಗಿ ಇಳಿಯುತ್ತದೆ. ಕಪ್ಪು ನಾಲಿಗೆಯ ನಾಯಿಗಳಲ್ಲಿ ಒಮ್ಮೊಮ್ಮೆ ಅಂಕಿಯೇ ಬರುವುದಿಲ್ಲ. ಕ್ಸೈಲಜಿನ್ ರಕ್ತನಾಳಗಳನ್ನು ಬಿಗಿಸುವುದರಿಂದ ಸಿಗ್ನಲ್ ಸೊರಗುತ್ತದೆ. ಒದ್ದೆ ಗಾಜ್‌ನ ಒಂದು ಪದರ ನಾಲಿಗೆ ಮತ್ತು ಕ್ಲಿಪ್ ನಡುವೆ ಇಡಿ, ಐದು ನಿಮಿಷಕ್ಕೊಮ್ಮೆ ಜಾಗ ಬದಲಿಸಿ, ಆಪರೇಷನ್ ಲೈಟ್ ನೇರ ಬೀಳದಂತೆ ಮುಚ್ಚಿ. ಕ್ಲಿಪ್ ತೋರಿಸುವ ನಾಡಿಯ ಲೆಕ್ಕ ನಿಮ್ಮ ಬೆರಳಿಗೆ ಸಿಗುವ ಲೆಕ್ಕಕ್ಕೆ ಹೊಂದದಿದ್ದರೆ ಆಕ್ಸಿಜನ್ ಅಂಕಿಯನ್ನೂ ನಂಬಬೇಡಿ.

ಕ್ಯಾಪ್ನೋಗ್ರಾಫ್ ನೋಡುವುದು ಹೊರಬರುವ ಉಸಿರಿನ ಕೊನೆಯಲ್ಲಿ ಎಷ್ಟು ಇಂಗಾಲದ ಡೈಆಕ್ಸೈಡ್ ಇದೆ ಅಂತ. ಮಿಲಿಮೀಟರ್ ಪಾದರಸದ ಲೆಕ್ಕದಲ್ಲಿ 35ರಿಂದ 45 ಸಹಜ. ಮತ್ತಿನಲ್ಲಿ 50-55ರವರೆಗೂ ಸಾಮಾನ್ಯವಾಗಿ ಸಹಿಸುತ್ತೇವೆ. 60 ದಾಟಿದರೆ ಬ್ಯಾಗ್ ಒತ್ತಿ ಉಸಿರು ಕೊಡಬೇಕು, ಜೊತೆಗೆ ಅರಿವಳಿಕೆ ಎಷ್ಟು ಆಳ ಇದೆ ಅಂತ ನೋಡಬೇಕು. ಅವತ್ತಿನ ನಾಯಿಗೆ ಮಾಡಿದ್ದೂ ಇಷ್ಟೇ. ಮತ್ತಿನ ಅನಿಲ ಐಸೊಫ್ಲುರೇನ್ ಸ್ವಲ್ಪ ತಗ್ಗಿಸಿ, ಬ್ಯಾಗ್ ಒತ್ತಿದೆವು. ಕೆಲವು ನಿಮಿಷದಲ್ಲಿ 46ಕ್ಕೆ ಬಂತು. ಆಕ್ಸಿಮೀಟರ್ ಅಷ್ಟೂ ಹೊತ್ತು 98ರಲ್ಲೇ ಇತ್ತು.

ಅಂಕಿಗಿಂತ, ಪ್ರತಿ ಉಸಿರಿಗೂ ಅದರ ಪರದೆ ಮೇಲೆ ಮೂಡುವ ಅಲೆಯ ಆಕಾರ ನನಗೆ ಇಷ್ಟ. ಟ್ಯೂಬ್ ಅನ್ನನಾಳಕ್ಕೆ ಹೋಗಿದ್ದರೆ ಸರಿಯಾದ ಅಲೆ ಮೂಡುವುದೇ ಇಲ್ಲ. ಇದೊಂದಕ್ಕೇ ಆ ಯಂತ್ರ ಕೊಳ್ಳಬಹುದು. ಅಲೆ ಕೆಳಗಿಳಿದಾಗ ಸೊನ್ನೆ ಮುಟ್ಟದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆಯುತ್ತಿದೆ ಅಂತ ಅರ್ಥ. ಆಗ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ನೋಡಿ. ಅಲೆ ಥಟ್ಟನೆ ಕುಸಿದರೆ ಟ್ಯೂಬ್ ಕಳಚಿರಬಹುದು, ಇಲ್ಲವೇ ಹೃದಯ ರಕ್ತ ತಳ್ಳುವುದು ನಿಂತಿರಬಹುದು. ಮೊದಲು ನೋಡಬೇಕಾದ್ದು ಪ್ರಾಣಿಯನ್ನು. ತಂತಿ, ಪೈಪು ಆಮೇಲೆ.

ನಮ್ಮಲ್ಲಿರುವುದು ಸಣ್ಣ ಪೈಪಿನಲ್ಲಿ ಉಸಿರು ಎಳೆದು ಅಳೆಯುವ ಸೈಡ್‌ಸ್ಟ್ರೀಮ್. ಒಮ್ಮೆ ಆಪರೇಷನ್ ನಡುವೆ ಅಲೆ ಮಾಯವಾಯಿತು. ಎಲ್ಲರಿಗೂ ಜೀವ ಬಾಯಿಗೆ ಬಂತು. ನಾಡಿ ಹಿಡಿದರೆ ಗಟ್ಟಿಯಾಗಿತ್ತು, ಎದೆಯೂ ಏರಿಳಿಯುತ್ತಿತ್ತು. ಪೈಪಿನೊಳಗೆ ನೀರಿನ ಹನಿ ಕಟ್ಟಿಕೊಂಡಿತ್ತು. ಮಳೆಗಾಲದ ತೇವ ಅಂದುಕೊಂಡಿದ್ದೆ. ಅದು ನಾಯಿಯ ಉಸಿರಿನದ್ದೇ ನೀರು, ಎಸಿಯ ತಂಪಿಗೆ ಹನಿಯಾಗಿತ್ತು. ಈಗ ಪ್ರತಿ ಆಪರೇಷನ್‌ಗೂ ಇನ್ನೊಂದು ಪೈಪು ಪಕ್ಕದಲ್ಲೇ ಇರುತ್ತದೆ. ಟ್ಯೂಬ್ ತುದಿಗೇ ಕೂರುವ ಮೇನ್‌ಸ್ಟ್ರೀಮ್‌ನಲ್ಲಿ ಈ ಕಾಟ ಇಲ್ಲ. ಆದರೆ ಅದರ ಭಾರಕ್ಕೆ ಸಣ್ಣ ಬೆಕ್ಕಿನ ಟ್ಯೂಬ್ ಬಾಗುತ್ತದೆ. ಬೆಕ್ಕಿನ ವಿಷಯದಲ್ಲಿ ಇನ್ನೊಂದು ಎಚ್ಚರ: ಆಕ್ಸಿಜನ್ ಹರಿವು ಜಾಸ್ತಿ ಇರುವ, ಉಸಿರಾಟದ ಪೈಪುಗಳ ಸಣ್ಣ ಸರ್ಕ್ಯೂಟ್‌ನಲ್ಲಿ ಸೈಡ್‌ಸ್ಟ್ರೀಮ್ ಎಳೆಯುವ ಗಾಳಿಗೆ ತಾಜಾ ಆಕ್ಸಿಜನ್ ಬೆರೆತು ಅಂಕಿ ಕಮ್ಮಿ ತೋರಿಸುತ್ತದೆ. ಬೆಕ್ಕಿನಲ್ಲಿ 38 ಕಂಡರೆ ಸುಮ್ನೆ ಖುಷಿಪಡಬೇಡಿ.

ರಕ್ತದೊತ್ತಡಕ್ಕೆ ಡಾಪ್ಲರ್ (ರಕ್ತ ಹರಿಯುವುದನ್ನು ಸದ್ದಾಗಿ ಕೇಳಿಸುವ ಯಂತ್ರ) ಮತ್ತು ತಾನೇ ಅಳೆಯುವ ಬಿಪಿ ಯಂತ್ರ, ಎರಡನ್ನೂ ಒಂದೇ ಪ್ರಾಣಿಗಳ ಮೇಲೆ ಬಳಸಿ ನೋಡಿದ್ದೇನೆ. ತಾನೇ ಅಳೆಯುವುದು ದೊಡ್ಡ ನಾಯಿಗಳಿಗೆ ಚೆನ್ನ. ಕೈ ಖಾಲಿ ಇರುತ್ತದೆ, ಸರಾಸರಿ ಒತ್ತಡವನ್ನೂ ಕೊಡುತ್ತದೆ. ಅದು 60ಕ್ಕಿಂತ ಇಳಿಯಬಾರದು. ಆದರೆ ಬೆಕ್ಕುಗಳಲ್ಲಿ, ಕ್ಸೈಲಜಿನ್‌ನಿಂದ ಬಡಿತ ನಿಧಾನವಾದ ನಾಯಿಗಳಲ್ಲಿ ಕಾಲಿಗೆ ಸುತ್ತುವ ಗಾಳಿಪಟ್ಟಿ, ಅಂದರೆ ಕಫ್, ಮತ್ತೆ ಮತ್ತೆ ಉಬ್ಬಿ ಕೊನೆಗೆ ಬರೀ ಗೆರೆ ತೋರಿಸುತ್ತಿತ್ತು. ಒತ್ತಡ ಇಳಿದಾಗಲೇ, ಅಂದರೆ ನಮಗೆ ಬೇಕೇ ಬೇಕಾದಾಗಲೇ, ಅದು ಕೈಕೊಡುತ್ತದೆ.

ಡಾಪ್ಲರ್‌ಗೆ ಕೆಲಸ ಜಾಸ್ತಿ. ಪಾದದ ಹಿಂಬದಿ ಕೂದಲು ಬೋಳಿಸಿ, ಜೆಲ್ ಹಾಕಿ, ಪ್ರೋಬ್ ಕೂರಿಸಿ ಪ್ಲಾಸ್ಟರ್ ಸುತ್ತಬೇಕು. ಕಫ್‌ನ ಅಗಲ ಕಾಲಿನ ಸುತ್ತಳತೆಯ 40 ಶೇಕಡಾದಷ್ಟಿರಬೇಕು. ಕಫ್ ಸಣ್ಣದಾದರೆ ಒತ್ತಡ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಮೇಲಿನ ಒತ್ತಡ ಒಂದೇ. ಆದರೂ ನನಗೆ ಡಾಪ್ಲರೇ ಬೇಕು, ಅದರ ಸದ್ದಿಗಾಗಿ. ಪ್ರತಿ ಬಡಿತಕ್ಕೂ ರಕ್ತ ಹರಿಯುವ ಸದ್ದು ಕೋಣೆಯಲ್ಲೆಲ್ಲ ಕೇಳುತ್ತದೆ. ನಾನು ಮದ್ದು ತುಂಬಿಸುತ್ತಾ ಬೆನ್ನು ಹಾಕಿ ನಿಂತಿದ್ದರೂ ಸದ್ದು ಕ್ಷೀಣಿಸಿದ್ದು ಗೊತ್ತಾಗುತ್ತದೆ. ಇಸಿಜಿಯಲ್ಲಿ ಇದು ಸಿಗುವುದಿಲ್ಲ. ರಕ್ತ ಹರಿಯುವುದು ನಿಂತ ಮೇಲೂ ಪರದೆ ಮೇಲೆ ಗೆರೆ ಸ್ವಲ್ಪ ಹೊತ್ತು ಕುಣಿಯಬಹುದು.

ಬ್ರಹ್ಮಾವರ ಕಡೆ ಒಂದು ಕ್ಯಾಂಪ್, ಜೋರು ಮಳೆಯ ಆಟಿ ತಿಂಗಳು, ತಗಡಿನ ಮಾಡಿನ ಹಾಲ್. ಆ ಮಳೆಯ ಸದ್ದಿನಲ್ಲಿ ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಏನೂ ಕೇಳಲಿಲ್ಲ ಮಾರಾಯ್ರೇ. ಕರೆಂಟೂ ಹೋಯಿತು. ಬ್ಯಾಟರಿಯ ಡಾಪ್ಲರ್‌ಗೆ ಇಯರ್‌ಫೋನ್ ಸಿಕ್ಕಿಸಿ, ಇನ್ನೊಂದು ಕೈಯನ್ನು ತೊಡೆಯ ನಾಡಿಯ ಮೇಲಿಟ್ಟು ಆ ದಿನ ಮುಗಿಸಿದೆವು. ಕೆಟಮಿನ್ ಕೊಟ್ಟಾಗ ಕಣ್ಣು ನಡುವೆಯೇ ನಿಲ್ಲುತ್ತದೆ, ರೆಪ್ಪೆಯೂ ಅದುರುತ್ತದೆ. ಹಾಗಾಗಿ ಕಣ್ಣು ನೋಡಿ ಮತ್ತಿನ ಆಳ ಹೇಳುವುದೂ ಅಲ್ಲಿ ಕಷ್ಟ.

ಹಾಗಾಗಿ ನನ್ನ ಆಯ್ಕೆ ಹೀಗೆ. ಟ್ಯೂಬ್ ಹಾಕಿ ಆಕ್ಸಿಜನ್ ಕೊಡುವ ಕ್ಲಿನಿಕ್ ಆದರೆ ಕ್ಲಿಪ್ ಆದ ಮೇಲೆ ಕೊಳ್ಳಬೇಕಾದ್ದು ಕ್ಯಾಪ್ನೋಗ್ರಾಫ್. ಚುಚ್ಚುಮದ್ದಿನ ಕ್ಯಾಂಪ್ ಆದರೆ ಕ್ಲಿಪ್ ಮತ್ತು ಡಾಪ್ಲರ್. ಬೆಕ್ಕುಗಳೇ ಜಾಸ್ತಿ ಬರುವ ಕಡೆಯೂ ಡಾಪ್ಲರ್. ತಾನೇ ಅಳೆಯುವ ಬಿಪಿ ಯಂತ್ರ ಕೊನೆಗೆ.

ಆಪರೇಷನ್ ಮುಗಿದ ಮೇಲಿನ ಮಾತು ಬೇರೆ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಅರಿವಳಿಕೆಗೆ ಸಂಬಂಧಿಸಿದ ಸಾವುಗಳಲ್ಲಿ ನಾಯಿಗಳ 47 ಶೇಕಡಾ, ಬೆಕ್ಕುಗಳ 61 ಶೇಕಡಾ ಆಪರೇಷನ್ ಮುಗಿದ ಮೇಲೆ ಆದವು. ಅವುಗಳಲ್ಲಿ ಹೆಚ್ಚಿನವು ಮೊದಲ ಮೂರು ಗಂಟೆಯೊಳಗೆ. ನಾವು ಯಂತ್ರ ಕಳಚಿ ಟೇಬಲ್ ಒರೆಸಲು ಹೋಗುವ ಹೊತ್ತು ಅದು. ಆಕ್ಸಿಜನ್ ತೆಗೆದ ಮೇಲೆ ಪ್ರಾಣಿ ಬರೀ ಗಾಳಿ ಉಸಿರಾಡುತ್ತಿರುತ್ತದೆ. ಟೇಬಲ್ ಮೇಲೆ ತಡವಾಗಿ ಹೇಳುತ್ತಿದ್ದ ಅದೇ ಕ್ಲಿಪ್ ಇಲ್ಲಿ ಬೇಗ ಹೇಳುತ್ತದೆ. ಹಾಗಾಗಿ ಅದನ್ನು ನಾನು ಪೆಟ್ಟಿಗೆಗೆ ಹಾಕುವುದಿಲ್ಲ, ಬೆಕ್ಕಿನ ಜೊತೆಗೇ ಚಾಪೆಗೆ ಒಯ್ಯುತ್ತೇನೆ. ಕಂಬಳಿ ಹೊದಿಸಿ, ಜ್ವರದ ಕಡ್ಡಿ ಇಟ್ಟು ನೋಡುತ್ತೇನೆ. ಹೊರಗೆ ಮಂಗಳೂರಿನ ಸೆಕೆ ಇದ್ದರೂ ಎಸಿ ಕೋಣೆಯಲ್ಲಿ ಹೊಟ್ಟೆಗೆ ಸ್ಪಿರಿಟ್ ಹಚ್ಚಿಸಿಕೊಂಡ ಬೆಕ್ಕು 36 ಡಿಗ್ರಿಗೆ ಇಳಿದಿರುತ್ತದೆ. ಅದು ನಾಲಿಗೆ ಎಳೆದುಕೊಂಡು ಕ್ಲಿಪ್ಪನ್ನು ತಾನೇ ಉಗುಳುವವರೆಗೆ ನಾನು ಪಕ್ಕದಲ್ಲೇ ಕೂತಿರುತ್ತೇನೆ.